ಟ್ಯಾಂಕರ್ ಜೊತೆಗೆ ಬರ್ಕದ್ ದುರಸ್ತಿಗೂ ಹಣ ಬೇಕು

ಮಾನ್ಯರೇ,

ಸೊಮಾಲಿಯಾದ ಬರ ಎಂದೊಡನೆ ಕಣ್ಣಿಗೆ ಬರುವುದು ಟ್ಯಾಂಕರ್ ಮುಂದೆ ಸಾಲಿಟ್ಟ ಹಳದಿ ಕ್ಯಾನುಗಳು. ಟ್ಯಾಂಕರ್ ಜೀವ ಉಳಿಸುತ್ತದೆ, ಅದು ಬೇಕೇ ಬೇಕು. ಆದರೆ ಅಲ್ಲಿಗೆ ದೇಣಿಗೆ ಕಳಿಸುವವರು ಅದರಲ್ಲೊಂದು ಪಾಲನ್ನು ಬರ್ಕದ್ ದುರಸ್ತಿಗೆ ಎತ್ತಿಡಬೇಕೆಂದು ಕೋರುತ್ತೇವೆ.

ಸೊಮಾಲಿ ದನಗಾಹಿಗಳ ಒಣ ಸೀಮೆಯಲ್ಲಿ ನೆಲ ಅಗೆದು, ಕಲ್ಲು ಕಟ್ಟಿ, ಗಾರೆ ಬಳಿದ ಮಳೆನೀರಿನ ತೊಟ್ಟಿಯೇ ಬರ್ಕದ್. 300 ಘನ ಮೀಟರಿನದು ತುಂಬಿದರೆ 3 ಲಕ್ಷ ಲೀಟರ್. ಆರು ಜನರ ನೂರು ಮನೆಗಳಿಗೆ ತಲೆಗೆ 7.5 ಲೀಟರಿನಂತೆ ದಿನಕ್ಕೆ 4,500 ಲೀಟರ್ ಸಾಕು, ಅಂದರೆ ಎರಡು ತಿಂಗಳ ನೀರು. ಬಿಸಿಲು ಹೀರುವುದು, ಆಡು-ಕುರಿ ಕುಡಿಯುವುದು ಇದರಲ್ಲೇ ಕಳೆಯಬೇಕು. ಮೇಲೆ ಮುಳ್ಳುಕೊಂಬೆಯನ್ನೋ ತಗಡನ್ನೋ ಹೊದಿಸಿದರೂ ನಷ್ಟ ತಗ್ಗುತ್ತದೆ. ಮಳೆ ಕೈಕೊಟ್ಟ ವರ್ಷವೂ ಒಂದೆರಡು ಹದ ಬೀಳುವುದುಂಟು. ಅದನ್ನು ಹಿಡಿಯಲು ತೊಟ್ಟಿ ಗಟ್ಟಿಯಿರಬೇಕು.

ಕೆಡುವುದು ಖಾಲಿ ಬಿದ್ದಾಗ. ಗಾರೆ ಒಣಗಿ ಬಿರಿಯುತ್ತದೆ, ಒಳಗೆ ನೀರಿನ ಒತ್ತಡವಿಲ್ಲದೆ ಹೊರಗಿನ ಮಣ್ಣು ಗೋಡೆಯನ್ನು ಒಳಕ್ಕೆ ತಳ್ಳುತ್ತದೆ. ಬಿರುಕಿನ ಮೇಲೆ ಸಿಮೆಂಟ್ ಹಾಲು ಬಳಿದರೆ ಅದು ಮತ್ತೆ ಬಾಯಿ ಬಿಡುತ್ತದೆ. ಉಳಿಯಿಂದ ಬಿರುಕನ್ನು ಅಗಲಿಸಿ, ದೂಳು ತೆಗೆದು, ನೆನೆಸಿ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ ತುಂಬಿ, ಜಾಲರಿ ಹೊಡೆದು ಮೇಲೆ ಗಿಲಾವು ಮಾಡಬೇಕು. ಆಮೇಲೆ ಕನಿಷ್ಠ ಏಳು ದಿನ ಒದ್ದೆ ಗೋಣಿತಾಟು. ಬರದಲ್ಲಿ ಮೊದಲು ಕೈಬಿಡುವುದೇ ಈ ಕ್ಯೂರಿಂಗ್, ಏಕೆಂದರೆ ಕುಡಿಯಲಿಲ್ಲದ ನೀರನ್ನು ಗೋಡೆಗೆ ಸುರಿಯಲು ಯಾರಿಗೂ ಮನಸ್ಸು ಬರುವುದಿಲ್ಲ. ಹಾಗಾಗಿ ಅದಕ್ಕೆ ಬೇಕಾದ ಟ್ಯಾಂಕರ್ ನೀರನ್ನೂ ಅಂದಾಜುಪಟ್ಟಿಯಲ್ಲೇ ಸೇರಿಸಬೇಕು.

ನೀರು ಒಳಬರುವ ಬಾಯಿಯಲ್ಲಿ ಹೂಳುಗುಂಡಿ ಇಲ್ಲದಿದ್ದರೆ ಮೊದಲ ಮಳೆಗೇ ಸಗಣಿ, ಕೆಸರು ಒಳಗೆ. ಕದಡಿದ ನೀರಿನ ಕೊಳೆಯೇ ಕ್ಲೋರಿನ್ ತಿಂದುಹಾಕುತ್ತದೆ. ನೀರನ್ನು ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, 20 ಲೀಟರಿನ ಕ್ಯಾನಿಗೆ 67 ಮಿಲಿಗ್ರಾಂನ ಒಂದು ಕ್ಲೋರಿನ್ (NaDCC) ಮಾತ್ರೆ ಹಾಕಿ ಅರ್ಧ ಗಂಟೆ ಕಾಯಬೇಕು.

ಇನ್ನೊಂದು ಮುಖ್ಯ ವಿಷಯ. ಅನೇಕ ಬರ್ಕದ್‌ಗಳು ಖಾಸಗಿಯವರವು, ನೀರು ಮಾರಾಟಕ್ಕೆ. ಬಡ ಮನೆಗಳಿಗೆ ದಿನಕ್ಕೆಷ್ಟು ಕ್ಯಾನ್ ಉಚಿತ ಎಂಬುದನ್ನು ಹಿರಿಯರ ಎದುರು ಬರೆಸಿಕೊಂಡ ಮೇಲೆಯೇ ಮೇಸ್ತ್ರಿ ಕೆಲಸಕ್ಕೆ ಇಳಿಯಲಿ.

ಸೊಮಾಲಿಯಾದಲ್ಲಿ 2010ರ ಅಕ್ಟೋಬರ್‌ನಿಂದ 2012ರ ಏಪ್ರಿಲ್‌ವರೆಗೆ ಹಸಿವಿನಿಂದ ಸತ್ತ ಸುಮಾರು 2.6 ಲಕ್ಷ ಜನರಲ್ಲಿ ಅರ್ಧದಷ್ಟು ಮಂದಿ, 2011ರ ಜುಲೈ 20ರಂದು ಕ್ಷಾಮ ಘೋಷಣೆಯಾಗುವ ಮೊದಲೇ ತೀರಿಹೋಗಿದ್ದರು. ಘೋಷಣೆಗೆ ಕಾಯಬಾರದು. ಅಲ್ಲಿನ ಮುಖ್ಯ ಮಳೆಗಾಲವಾದ ‘ಗೂ’ ಶುರುವಾಗುವುದು ಏಪ್ರಿಲ್‌ನಲ್ಲಿ. ಮಾರ್ಚ್ ಮಧ್ಯದೊಳಗೆ ಗಾರೆ ಹದಗೊಳ್ಳಬೇಕಾದರೆ ಹಣ ಡಿಸೆಂಬರ್‌ನಲ್ಲೇ ಅಲ್ಲಿಗೆ ತಲುಪಿರಬೇಕು.