ರಂಗನತಿಟ್ಟಿನ ನೀರು ಮೆಲ್ಲಗೆ ಏರಲಿ: ಅರಣ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಅರಣ್ಯ, ಜೀವಿಪರಿಸ್ಥಿತಿ ಹಾಗೂ ಪರಿಸರ ಸಚಿವರಿಗೆ ಸಾದರ ನಮಸ್ಕಾರಗಳು.

ಮೈಸೂರಿಗೆ ಹತ್ತಿರದಲ್ಲಿ, ಶ್ರೀರಂಗಪಟ್ಟಣದ ಮಗ್ಗುಲಲ್ಲೇ ಕಾವೇರಿಯ ನಡುವೆ ಇರುವ ರಂಗನತಿಟ್ಟು ಪಕ್ಷಿಧಾಮದ ವಿಚಾರವಾಗಿ ಒಂದು ಕೋರಿಕೆಯನ್ನು ತಮ್ಮ ಮುಂದಿಡುತ್ತಿದ್ದೇನೆ. ಫೆಬ್ರುವರಿಯಿಂದ ಮೇ ತಿಂಗಳವರೆಗೆ ಕೃಷ್ಣರಾಜಸಾಗರದಿಂದ ನದಿಗೆ ಬಿಡುವ ನೀರನ್ನು ಒಮ್ಮೆಲೇ ಹೆಚ್ಚಿಸದೆ ಹಂತಹಂತವಾಗಿ ಹೆಚ್ಚಿಸುವಂತೆ ತಮ್ಮ ಇಲಾಖೆ ಮತ್ತು ಜಲಸಂಪನ್ಮೂಲ ಇಲಾಖೆ ಸೇರಿ ಒಂದು ಕಾಯಂ ಲಿಖಿತ ನಿಯಮ ರೂಪಿಸಬೇಕು ಎಂಬುದೇ ಆ ಕೋರಿಕೆ.

ಇದಕ್ಕೆ ಕಾರಣ ಆ ಸ್ಥಳದ ಚರಿತ್ರೆಯಲ್ಲೇ ಇದೆ. ದೋಣಿಯಲ್ಲಿ ಕುಳಿತು ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಚಮಚಕೊಕ್ಕಿನ ಹಕ್ಕಿಗಳನ್ನೂ ಬಂಡೆಯ ಮೇಲೆ ಬಿಸಿಲು ಕಾಯುವ ಮೊಸಳೆಗಳನ್ನೂ ನೋಡುವವರಿಗೆ ಇದು ಮನುಷ್ಯರ ಕೈ ಸೋಕದ ಜಾಗವೆಂದೇ ತೋರುತ್ತದೆ. ಆದರೆ 1645 ಮತ್ತು 1648ರ ನಡುವೆ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದಾಗಿ ನೀರು ನಿಂತು ಈ ನಡುಗಡ್ಡೆಗಳು ರೂಪುಗೊಂಡವು. ಅಂದರೆ ಇಲ್ಲಿನ ಹಕ್ಕಿಗಳ ನೆಲೆಯೇ ಮನುಷ್ಯರು ನೀರನ್ನು ನಿರ್ವಹಿಸಿದ್ದರ ಫಲ. ಪಕ್ಷಿತಜ್ಞ ಸಲೀಂ ಅಲಿಯವರು ಇದರ ಮಹತ್ವವನ್ನು ಮನಗಾಣಿಸಿದ ಮೇಲೆ 1940ರಲ್ಲಿ ಮೈಸೂರು ಸಂಸ್ಥಾನ ಇದನ್ನು ರಕ್ಷಿತ ಪಕ್ಷಿಧಾಮವೆಂದು ಘೋಷಿಸಿತು; 2022ರಲ್ಲಿ ಕರ್ನಾಟಕದ ಮೊದಲ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಎಂಬ ಮನ್ನಣೆಯೂ ದೊರೆಯಿತು. ನೀರಿನ ನಿರ್ವಹಣೆಯಿಂದ ಹುಟ್ಟಿದ ತಾಣವನ್ನು ಉಳಿಸಿಕೊಳ್ಳಲು ದಡದಲ್ಲಿ ಬೇಲಿ ಹಾಕಿ ಕಾವಲಿಟ್ಟರೆ ಸಾಲದು, ಅದರ ನೀರನ್ನೂ ಅಷ್ಟೇ ಎಚ್ಚರದಿಂದ ನೋಡಿಕೊಳ್ಳಬೇಕಾಗುತ್ತದೆ.

ಕೊಕ್ಕರೆ, ಹೆಜ್ಜಾರ್ಲೆಗಳು ಮರಗಳ ಮೇಲೆ ಗೂಡು ಕಟ್ಟುವುದರಿಂದ ನೀರು ಒಂದೆರಡು ಅಡಿ ಏರಿದರೂ ಅವುಗಳ ಮರಿಗಳಿಗೆ ಅಪಾಯವಿಲ್ಲ. ನದಿ ರೀವ (ರಿವರ್ ಟರ್ನ್) ಹಕ್ಕಿಯ ಸ್ಥಿತಿ ಹಾಗಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ತಲೆಯೆತ್ತುವ ಬರಿ ಬಂಡೆಯ ಮೇಲೆ, ಗೂಡೆಂದು ಹೇಳಬಹುದಾದದ್ದು ಏನೂ ಇಲ್ಲದೆ, ಅದು ಮೊಟ್ಟೆಯಿಡುತ್ತದೆ. ಕಲ್ಲಿನ ಬಣ್ಣಕ್ಕೇ ಹೊಂದಿಕೊಂಡ ಆ ಮೊಟ್ಟೆಗಳು ಶತ್ರುಗಳ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ, ನಿಜ. ಆದರೆ ಮೇಲಿನ ಅಣೆಕಟ್ಟೆಯಿಂದ ಹರಿದುಬರುವ ನೀರು ಕೆಲವು ಗಂಟೆಗಳಲ್ಲಿ ಬಂಡೆಯನ್ನು ಮುಚ್ಚಿದರೆ ಆ ಸಾಲಿನ ಸಂತಾನವೆಲ್ಲ ಒಟ್ಟಿಗೇ ಕೊಚ್ಚಿಹೋಗುತ್ತದೆ. ಅಳಿವಿನಂಚಿಗೆ ಹತ್ತಿರವಾಗುತ್ತಿರುವ ಈ ಹಕ್ಕಿಗೆ ಅಂಥ ಒಂದು ಬೇಸಿಗೆಯೂ ದೊಡ್ಡ ನಷ್ಟ.

ಕಾವೇರಿಯ ನೀರು ಎಷ್ಟು ಸೂಕ್ಷ್ಮ ವಿಷಯವೆಂಬುದು ಮಂಡ್ಯ, ಮೈಸೂರು ಸೀಮೆಯವರಾದ ನಮಗೆ ಬೇರೆಯವರು ಹೇಳಬೇಕಿಲ್ಲ. ರೈತರ ನಾಲೆಗೆ, ನಗರಗಳ ಕುಡಿಯುವ ನೀರಿಗೆ ಅಥವಾ ನೆರೆರಾಜ್ಯಕ್ಕೆ ಸಲ್ಲಬೇಕಾದ ಪಾಲಿನಲ್ಲಿ ಒಂದು ಹನಿ ಹೆಚ್ಚಿಸಿ, ಒಂದು ಹನಿ ಕಡಿಮೆ ಮಾಡಿ ಎಂದು ನಾನು ಕೇಳುತ್ತಿಲ್ಲ. ಬಿಡುವ ನೀರು ಅಷ್ಟೇ ಇರಲಿ, ಗೇಟು ತೆರೆಯುವ ವೇಗ ಮಾತ್ರ ಬದಲಾಗಲಿ. ನೀರು ಹೆಚ್ಚಿಸುವ ಮುನ್ನ ಪಕ್ಷಿಧಾಮದ ಅಧಿಕಾರಿಗಳಿಗೆ ಸೂಚನೆ ಹೋಗಲಿ, ಯಾವ ಬಂಡೆಯ ಮೇಲೆ ಮೊಟ್ಟೆಗಳಿವೆ, ಅದು ನೀರಿನಿಂದ ಎಷ್ಟು ಎತ್ತರದಲ್ಲಿದೆ ಎಂಬ ವಿವರ ಆ ತಿಂಗಳುಗಳಲ್ಲಿ ಅಣೆಕಟ್ಟೆಯ ಎಂಜಿನಿಯರುಗಳಿಗೆ ತಲುಪುತ್ತಿರಲಿ. ಮಳೆಗಾಲದಲ್ಲಿ ಜಲಾಶಯ ತುಂಬಿ ಭಾರಿ ಹೊರಹರಿವು ಬಂದಾಗ ಇದು ಸಾಧ್ಯವಾಗದು. ಆಗ ದೋಣಿವಿಹಾರವನ್ನೇ ನಿಲ್ಲಿಸಬೇಕಾಗುತ್ತದೆ. ನನ್ನ ಕೋರಿಕೆ ಬೇಸಿಗೆಗೆ ಸೀಮಿತವಾದದ್ದು.

ಇದರ ಜೊತೆಗೆ, ಪ್ರವಾಸಿಗರಿಗೆ ದೋಣಿಯಲ್ಲಿ ಹಕ್ಕಿಗಳ ಹೆಸರಿನೊಡನೆ ಹದಿನೇಳನೆಯ ಶತಮಾನದ ಆ ಒಡ್ಡಿನ ಕಥೆಯನ್ನೂ ಕನ್ನಡದಲ್ಲಿ ತಪ್ಪದೆ ಹೇಳುವ ಏರ್ಪಾಡಾಗಬೇಕು. ಶಾಲಾ ಪ್ರವಾಸಕ್ಕೆ ಬರುವ ಮಕ್ಕಳಿಗಂತೂ ಗದ್ದೆಗೆ ಹರಿಯುವ ನೀರಿಗೂ ಕೊಕ್ಕರೆಯ ಗೂಡಿಗೂ ಇರುವ ಈ ನಂಟು ಯಾವ ಪಠ್ಯಕ್ಕಿಂತಲೂ ಚೆನ್ನಾಗಿ ಅಲ್ಲೇ ಅರ್ಥವಾಗುತ್ತದೆ.

ಮುಂದಿನ ಫೆಬ್ರುವರಿಗೆ ಮುನ್ನ ಎರಡೂ ಇಲಾಖೆಗಳ ಅಧಿಕಾರಿಗಳನ್ನು, ಪಕ್ಷಿತಜ್ಞರನ್ನು ಮತ್ತು ಸುತ್ತಲಿನ ಗ್ರಾಮಗಳ ರೈತರನ್ನು ಒಂದೇ ಸಭೆಗೆ ಕರೆದು ಈ ನಿಯಮವನ್ನು ಅಂತಿಮಗೊಳಿಸಬೇಕೆಂದೂ ಅದನ್ನು ಸಾರ್ವಜನಿಕರ ಮುಂದೆ ಪ್ರಕಟಿಸಬೇಕೆಂದೂ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮೈಸೂರಿನ ಒಬ್ಬ ನಾಗರಿಕ