ಸಿ-7 ಉಳಿಸಿದ ಅಕ್ಕನಿಗೆ

ಕ್ಯಾನ್ಸರ್ ಗಡ್ಡೆಯ ಕೋಶಕ್ಕೆ ಅಂಟಿಕೊಳ್ಳುವ ಒಂದು ಆಂಟಿಬಾಡಿಯ (ಒಂದೇ ಗುರಿಯನ್ನು ಹುಡುಕಿ ಹಿಡಿಯುವ ಪ್ರೋಟೀನ್) ಬಗ್ಗೆ ಬರೆದ ನಮ್ಮ ಪೇಪರ್ ಸ್ವೀಕಾರವಾಗಿದೆ ಅಂತ ಗುರುವಾರ ಮೇಲ್ ಬಂತು. ಐದು ವರ್ಷ ಏನು ಮಾಡುತ್ತಿದ್ದೆ ಅಂತ ನಿಮಗೆಲ್ಲ ಕೇಳಿ ಕೇಳಿ ಸಾಕಾಗಿದೆ, ಮತ್ತೆ ಶುರು ಮಾಡುವುದಿಲ್ಲ. ಪೇಪರಿನ ಕೊನೆಯ ಕೃತಜ್ಞತೆಯಲ್ಲಿ ನಮ್ಮ ಲ್ಯಾಬಿನ ಟೆಕ್ನಿಷಿಯನ್ ಅಕ್ಕನ ಪಾಲಿಗೆ ಬಂದದ್ದು ‘ತಾಂತ್ರಿಕ ನೆರವು’ ಎಂಬ ಎರಡೇ ಪದ. ಲೇಖಕರ ಪಟ್ಟಿಗೆ ಅವರನ್ನೂ ಸೇರಿಸಿ ಅಂತ ಕೇಳಿದೆ, ಆಗಲಿಲ್ಲ. ಇನ್ನೂ ಗಟ್ಟಿಯಾಗಿ ಕೇಳಬೇಕಿತ್ತು. ಅದಕ್ಕೇ ಇದು.

ಗೈಡ್, ಜೊತೆಗಾರರು, ಮನೆಯವರು, ಗಡ್ಡೆಯ ಚೂರು ಬಳಸಲು ಒಪ್ಪಿ ಸಹಿ ಹಾಕಿದ ರೋಗಿಗಳು, ಎರಡು ಬಗೆಯ ಕೋಶ ಬೆಸೆದು ಆಂಟಿಬಾಡಿ ಮಾಡುವ ಈ ದಾರಿಯನ್ನು 1975ರಲ್ಲಿ ತೋರಿಸಿದ ಕೋಹ್ಲರ್ ಮತ್ತು ಮಿಲ್‌ಸ್ಟೈನ್, ಎಲ್ಲರಿಗೂ ವಂದನೆ. ಗುಲ್ಮ (ಸ್ಪ್ಲೀನ್) ಕೊಟ್ಟ ಇಲಿಗಳಿಗೂ. ಅವುಗಳ ಸಹಿಯನ್ನು ಯಾರೂ ಕೇಳಲಿಲ್ಲ.

ಈಗ ಅಕ್ಕ.

ಫ್ಯೂಷನ್ ಆಗಿ, ಅಂದರೆ ಇಲಿಯ ಗುಲ್ಮದಲ್ಲಿ ಆಂಟಿಬಾಡಿ ಮಾಡುವ ಬಿ ಕೋಶಗಳನ್ನು ಸಾಯದೆ ಬೆಳೆಯುತ್ತಲೇ ಇರುವ ಮಯಲೋಮಾ ಎಂಬ ಕ್ಯಾನ್ಸರ್ ಕೋಶಗಳ ಜೊತೆ ಬೆಸೆದು, ಹನ್ನೊಂದನೇ ದಿನ. ಬೆಸೆಯದೆ ಉಳಿದ ಮಯಲೋಮಾ ಕೋಶಗಳನ್ನು ಹ್ಯಾಟ್ ಮೀಡಿಯಂ (ಬೆಸೆದವು ಮಾತ್ರ ಬದುಕುವಂಥ ಪೋಷಕ ದ್ರವ) ಕೊಂದಿತ್ತು, ಬೆಸೆಯದ ಬಿ ಕೋಶಗಳು ತಾವಾಗಿಯೇ ಸತ್ತಿದ್ದವು. ಎರಡೂ ಬೆಸೆದುಕೊಂಡವು ಮಾತ್ರ ಪ್ಲೇಟಿನ ಗುಳಿಗಳ ತಳದಲ್ಲಿ ಸೂಜಿಮೊನೆಯಷ್ಟು ಬಿಳಿ ಚುಕ್ಕಿಗಳಾಗಿ ಕಾಣತೊಡಗಿದ್ದವು. ಒಂದೇ ಕೋಶದಿಂದ ಬೆಳೆದ ಗುಂಪಿಗೆ ಕ್ಲೋನ್ ಅನ್ನುತ್ತೇವೆ. ಶನಿವಾರ ರಾತ್ರಿ ಇನ್‌ಕ್ಯುಬೇಟರ್ ತೆಗೆದರೆ, ಕಿತ್ತಳೆಗೆಂಪಾಗಿರಬೇಕಿದ್ದ ಮೀಡಿಯಂ ಹತ್ತೂ ಪ್ಲೇಟುಗಳಲ್ಲಿ ನೇರಳೆಗೆ ತಿರುಗಿತ್ತು. ಮೀಡಿಯಂ ಕ್ಷಾರವಾಗದಂತೆ ಹಿಡಿದಿಡುವ ಕಾರ್ಬನ್ ಡೈಆಕ್ಸೈಡಿನ ಸಿಲಿಂಡರ್ ಖಾಲಿ. ಶುಕ್ರವಾರ ಗೇಜ್ ನೋಡುವ ಸರದಿ ನನ್ನದು. ನೋಡಿರಲಿಲ್ಲ.

ಫೋನ್ ಮಾಡಿದೆ, ಮಾತು ಹೊರಡಲಿಲ್ಲ. ‘ಏನೂ ಮುಟ್ಟಬೇಡ, ಬಂದೆ’ ಅಂದರು. ಬಂದವರು ಬೈಯಲಿಲ್ಲ. ಪಕ್ಕದ ಲ್ಯಾಬಿನ ಇನ್‌ಕ್ಯುಬೇಟರಿನಲ್ಲಿ ಜಾಗ ಮಾಡಿಸಿ, ಹೊಸ ಮೀಡಿಯಂ ಬೆಚ್ಚಗೆ ಮಾಡಿ, 960 ಗುಳಿಗಳಲ್ಲೂ ಅರ್ಧ ಹೀರಿ ಅರ್ಧ ತುಂಬುತ್ತಾ ಕೂತರು. ಹೀರುವಾಗ ತುದಿ ತಳಕ್ಕೆ ತಾಗಿದರೆ ಚುಕ್ಕಿಯೇ ಎದ್ದು ಬರುತ್ತದೆ. ನನ್ನ ಕೈ ನಡುಗುತ್ತಿತ್ತು. ಪಿಪೆಟ್ ಕಿತ್ತುಕೊಂಡು, ‘ನೀನು ಪ್ಲೇಟ್ ಕೊಡ್ತಾ ಹೋಗು, ಸಾಕು’ ಅಂದರು.

ಮೂರು ಗಂಟೆಯ ಹೊತ್ತಿಗೆ ‘ಬಿಟ್ಟುಬಿಡೋಣ ಅಕ್ಕ, ನಂಗೆ ಇನ್ನು ಏನೂ ಬೇಡ’ ಅಂದೆ. ಪಿಎಚ್‌ಡಿ ಒಂದನ್ನೇ ಅಂದದ್ದಲ್ಲ. ಆ ವರ್ಷ ಬೆಳಗಾಗುವುದೇ ಬೇಡವಾಗಿತ್ತು. ಅವರಿಗೆ ಅದು ತಿಳಿಯಿತು ಅಂತ ಈಗಲೂ ನನ್ನ ನಂಬಿಕೆ, ಯಾಕೆಂದರೆ ಆ ರಾತ್ರಿಯಿಡೀ ಮೊದಲ ಸಲ ಪಿಪೆಟ್ ಕೆಳಗಿಟ್ಟರು.

‘ಅಂಡಾಶಯದ ಕ್ಯಾನ್ಸರಿಗೆ ರಕ್ತದಲ್ಲಿ ಸಿಎ-125 ನೋಡ್ತಾರಲ್ಲ, ಆ 125 ಎಲ್ಲಿಂದ ಬಂತು ಗೊತ್ತೇನೇ?’

ಗೊತ್ತಿರಲಿಲ್ಲ.

‘ಅದನ್ನ ಹಿಡಿಯೋ ಆಂಟಿಬಾಡಿ ಮಾಡಿದ ಬಾಸ್ಟ್ ಅವರ ಲ್ಯಾಬಿನಲ್ಲಿ ಭರವಸೆ ಹುಟ್ಟಿಸಿದ ಕ್ಲೋನುಗಳಲ್ಲಿ ಅದು 125ನೇದು. ನಿಂದು ಇದು ಎಷ್ಟನೇದು?’

‘ಎರಡನೇ ಫ್ಯೂಷನ್.’

‘ಹೋಗು, ಮುಖ ತೊಳ್ಕೊಂಡು ಬಾ.’

ಬೆಳಕು ಹರಿದ ಮೇಲೆ ಆರನೇ ಪ್ಲೇಟನ್ನು ಕಿಟಕಿಗೆ ಹಿಡಿದು, ಮುಚ್ಚಳದ ಮೇಲೆ ನೀಲಿ ಮಾರ್ಕರಿನಲ್ಲಿ ಒಂದು ಸುತ್ತು ಹಾಕಿದರು. ಸಿ ಸಾಲಿನ ಏಳನೇ ಗುಳಿ, ಸಿ-7. ಪೇಪರಿನಲ್ಲಿರುವ ಆಂಟಿಬಾಡಿ ಅದರದ್ದೇ.

ಒಂದು ವಿನಂತಿ: ‘ಕ್ಯಾನ್ಸರ್ ಪತ್ತೆಗೆ ಹೊಸ ಟೆಸ್ಟ್ ಬಂತು’ ಅಂತ ಯಾರಿಗೂ ಫಾರ್ವರ್ಡ್ ಮಾಡಬೇಡಿ. ನಮ್ಮದು ಸದ್ಯಕ್ಕೆ ಸ್ಲೈಡಿನ ಮೇಲೆ ಗಡ್ಡೆಯ ಕೋಶಕ್ಕೆ ಅಂಟಿಕೊಳ್ಳುತ್ತದೆ, ಅಷ್ಟೇ. ರಕ್ತಪರೀಕ್ಷೆಯ ಮಾತು ದೂರ. ಅಷ್ಟು ಹೆಸರು ಮಾಡಿದ ಸಿಎ-125 ಕೂಡ ಕ್ಯಾನ್ಸರ್ ಇಲ್ಲದೆಯೂ ಮುಟ್ಟಿನಲ್ಲಿ, ಗರ್ಭಕೋಶದ ಒಳಪದರದಂಥ ಪೊರೆ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್‌ನಲ್ಲಿ ಏರುತ್ತದೆ.

ಅಕ್ಕ, ನೀವು ಇದನ್ನು ಓದಿ ‘ಇಷ್ಟೆಲ್ಲ ಯಾಕೆ ಬರೆಯೋಕೆ ಹೋದೆ’ ಅನ್ನುತ್ತೀರಿ. ಇರಲಿ. ಆ ಮುಚ್ಚಳ ನನ್ನ ಹತ್ತಿರವೇ ಇದೆ. ಇವತ್ತು ಸಂಜೆಯೂ ಗೇಜ್ ನೋಡಿಯೇ ಬಂದೆ.