ಒಣಗಿದ ಸಿಗಾರ್‌ಗೆ ನೀರು ಮುಟ್ಟಿಸಬೇಡಿ

ಮಾನ್ಯ ಸಂಪಾದಕರೇ,

ದುಬೈಯಲ್ಲಿರುವ ನನ್ನ ತಮ್ಮ ಊರಿಗೆ ಬಂದಾಗ 20 ಕ್ಯೂಬಾ ಸಿಗಾರ್‌ಗಳಿದ್ದ ಪೆಟ್ಟಿಗೆ ತಂದುಕೊಟ್ಟಿದ್ದ. ಬೀರುವಿನಲ್ಲಿಟ್ಟು ಮರೆತುಬಿಟ್ಟೆ. ಒಂದು ಬೇಸಿಗೆ ಕಳೆದು ತೆಗೆದರೆ ಎಲ್ಲವೂ ಗರಿಗರಿ, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಒತ್ತಿದರೆ ಚರಚರ ಸದ್ದು. ಒಂದು ಅಂಗಡಿಯಲ್ಲಿ ಕೇಳಿದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ರಾತ್ರಿಯಿಡೀ ಇಡಿ ಎಂದರು. ಹಾಗೇ ಮಾಡಿದೆ. ಬೆಳಿಗ್ಗೆ ನೋಡಿದರೆ 5 ಸಿಗಾರ್ ಉದ್ದಕ್ಕೆ ಸೀಳಿದ್ದವು. ಒಳಗಿನ ಸೊಪ್ಪು ಒಮ್ಮೆಲೇ ಉಬ್ಬಿ, ಮೇಲೆ ಸುತ್ತಿದ ತೆಳು ಎಲೆ ತಡೆಯಲಾರದೆ ಬಿರಿದಿತ್ತು.

ತುಂಬಾ ಬೇಜಾರಾಯಿತು, ಯಾಕೆಂದರೆ ನಮ್ಮದು ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ಮನೆ. ಸೊಪ್ಪನ್ನು ಬಿಸಿಗಾಳಿಯಲ್ಲಿ ಒಣಗಿಸುವ ಬ್ಯಾರನ್‌ನಲ್ಲಿ ಐದಾರು ದಿನ ಬೆಂದ ಸೊಪ್ಪು ಹಪ್ಪಳದ ಹಾಗಿರುತ್ತದೆ, ಮುಟ್ಟಿದರೆ ಪುಡಿ. ಆಗ ಅಪ್ಪ ಅದಕ್ಕೆ ನೀರು ಚಿಮುಕಿಸುತ್ತಿರಲಿಲ್ಲ. ರಾತ್ರಿ ಬಾಗಿಲು, ಕಿಂಡಿ ತೆರೆದಿಟ್ಟು ತಂಪು ಗಾಳಿ ಬಿಡುತ್ತಿದ್ದರು, ಬೆಳಗಿನ ಜಾವಕ್ಕೆ ಸೊಪ್ಪು ತಾನಾಗೇ ಮೆತ್ತಗಾಗಿರುತ್ತಿತ್ತು, ಆಮೇಲೇ ಸೊಪ್ಪು ಕಟ್ಟಿದ ಕಡ್ಡಿ ಇಳಿಸುವುದು. ಸಿಗಾರ್ ಕೂಡ ಸೊಪ್ಪೇ ಅಲ್ವಾ? ಆದರೆ ಇಲ್ಲಿ ಎಲೆಗಳನ್ನು ಬಿಗಿಯಾಗಿ ಸುತ್ತಿರುವುದರಿಂದ ಒಂದು ರಾತ್ರಿ ಸಾಲದು, ತಿಂಗಳುಗಳೇ ಬೇಕು.

ಉಳಿದ 15ಕ್ಕೆ ಹ್ಯೂಮಿಡಾರ್, ಅಂದರೆ ಸಿಗಾರ್‌ನ ತೇವ ಕಾಪಾಡುವ ಪೆಟ್ಟಿಗೆ, ತಂದೆ. ಅದರ ಒಳಗಿನ ಮರವೂ ಒಣಗಿರುತ್ತದೆ, ಹಾಗೇ ಸಿಗಾರ್ ಇಟ್ಟರೆ ಅವುಗಳ ತೇವವನ್ನು ಅದೇ ಕುಡಿದುಬಿಡುತ್ತದೆ. ಅದಕ್ಕೇ ಮೊದಲು ಶೇ 84ರ ತೇವಾಂಶದ ಪ್ಯಾಕ್ (ಒಳಗಿನ ಗಾಳಿಯ ತೇವವನ್ನು ಅಷ್ಟಕ್ಕೇ ಹಿಡಿದಿಡುವ ಪೊಟ್ಟಣ) ಹಾಕಿ ಖಾಲಿ ಪೆಟ್ಟಿಗೆಯನ್ನು 2 ವಾರ ಮುಚ್ಚಿಟ್ಟೆ. ಜೊತೆಗೆ ಬಂದ ತೇವಮಾಪಕವನ್ನೂ ಸುಮ್ನೆ ನಂಬಬಾರದು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗದಷ್ಟು, ಕೆಸರಿನಂತಾಗುವಷ್ಟು ನೀರು ಬಿಟ್ಟು, ಮಾಪಕದ ಜೊತೆ ಗಾಳಿಯಾಡದ ಕವರ್‌ನಲ್ಲಿ ಒಂದು ದಿನ ಇಟ್ಟರೆ ಅದು ಶೇ 75 ತೋರಿಸಬೇಕು. ನನ್ನದು 68 ತೋರಿಸಿತು. ಅಂದಿನಿಂದ 7 ಕೂಡಿಸಿಯೇ ಓದುತ್ತೇನೆ.

ಆಮೇಲೆ ಸಿಗಾರ್ ಒಳಗಿಟ್ಟು ಶೇ 62ರ ಪ್ಯಾಕ್ ಹಾಕಿದೆ. ತಿಂಗಳು ಬಿಟ್ಟು 65, ಇನ್ನೊಂದು ತಿಂಗಳಿಗೆ 69. ವಾರಕ್ಕೊಮ್ಮೆ ಮಗ್ಗುಲು ಬದಲಿಸುತ್ತಿದ್ದೆ, ಅಷ್ಟೇ. ಅವಸರಕ್ಕೆ 75 ದಾಟಿಸಿದರೆ ಬೂಷ್ಟು ಬರುತ್ತದೆ. ಸೆಕೆ ಜಾಸ್ತಿಯಾದರೆ ಸೊಪ್ಪಿನಲ್ಲೇ ಇರುವ ಹುಳದ ಮೊಟ್ಟೆ ಒಡೆದು, ಸೂಜಿ ಚುಚ್ಚಿದಂಥ ತೂತುಗಳು ಕಾಣಿಸಿಕೊಳ್ಳುತ್ತವೆ. ಪೆಟ್ಟಿಗೆ ಮನೆಯ ತಂಪು ಮೂಲೆಯಲ್ಲಿರಲಿ. ಫ್ರಿಜ್ ಬೇಡ, ಅದು ಇನ್ನೂ ಒಣಗಿಸುತ್ತದೆ.

ಮೂರು ತಿಂಗಳ ಮೇಲೆ ಒತ್ತಿ ನೋಡಿದೆ. ಸದ್ದಿಲ್ಲ, ಬೆರಳಿಗೆ ಮೆತ್ತಗೆ ಬಗ್ಗಿ ಮತ್ತೆ ಮೊದಲಿನಂತಾಯಿತು. ಘಮ ಮಾತ್ರ ಪೂರ್ತಿ ಬರಲಿಲ್ಲ. ಎಣ್ಣೆಯಂಶ ಒಮ್ಮೆ ಆರಿಹೋದರೆ ಯಾವ ಪ್ಯಾಕೂ ಅದನ್ನು ತರಲಾರದು. ಸೇದುವುದು ಒಳ್ಳೆಯದೆಂದು ನಾನು ಹೇಳುತ್ತಿಲ್ಲ, ಅದರ ಕೆಡುಕು ಎಲ್ಲರಿಗೂ ಗೊತ್ತು. ಆದರೆ ಬೆಳೆದವರ, ಸುತ್ತಿದವರ ಅಷ್ಟೊಂದು ದುಡಿಮೆ ಒಂದು ಒದ್ದೆ ಬಟ್ಟೆಯಿಂದ ಹಾಳಾಗುವುದನ್ನು ನೋಡಲಾಗುವುದಿಲ್ಲ. ಮಾರುವವರಲ್ಲಿ ನನ್ನ ಕೋರಿಕೆ ಇಷ್ಟೇ: ಯಾರಾದರೂ ಒಣಗಿದ ಸಿಗಾರ್ ಹಿಡಿದುಕೊಂಡು ಬಂದರೆ ಬಟ್ಟೆ, ಹಬೆ ಎನ್ನಬೇಡಿ, ಶೇ 62ರ ಒಂದು ಪ್ಯಾಕ್ ಕೊಟ್ಟು, ತಿಂಗಳು ಬಿಟ್ಟು ಬನ್ನಿ ಎನ್ನಿ.

– ಓದುಗ, ಮೈಸೂರು